ಫೋನಿನ ಆ ತುದಿಯಲ್ಲಿ ಯಾರಿದ್ದಾರೆ?

2018ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ರತ್ನಗಿರಿಯಲ್ಲಿ ಬಾಣಂತಿಯೊಬ್ಬರು ತೀರಿಕೊಂಡರು. ಸಿಸೇರಿಯನ್ ಹೆರಿಗೆಯಾಗಿ ಮನೆಗೆ ಮರಳಿದ್ದ ಅವರು ಅಸ್ವಸ್ಥರಾಗಿ ಮತ್ತೆ ಅದೇ ಆಸ್ಪತ್ರೆಗೆ ದಾಖಲಾಗಿದ್ದರು. ಆಸ್ಪತ್ರೆ ನಡೆಸುತ್ತಿದ್ದ ವೈದ್ಯ ದಂಪತಿ ಆಗ ಊರಿನಲ್ಲಿರಲಿಲ್ಲ. ಅವರು ಫೋನಿನಲ್ಲಿ ಹೇಳಿದ ಔಷಧಿಗಳನ್ನು ಸಿಬ್ಬಂದಿ ಕೊಡುತ್ತಾ ಹೋದರು. ಪರಿಸ್ಥಿತಿ ಕೈಮೀರಿದಾಗ ರೋಗಿಯನ್ನು ಬೇರೊಂದು ಆಸ್ಪತ್ರೆಗೆ ಸಾಗಿಸಲಾಯಿತು. ಜೀವ ಉಳಿಯಲಿಲ್ಲ. ಆ ವರ್ಷದ ಜುಲೈನಲ್ಲಿ ಬಾಂಬೆ ಹೈಕೋರ್ಟ್ ವೈದ್ಯ ದಂಪತಿಯ ನಿರೀಕ್ಷಣಾ ಜಾಮೀನು ಅರ್ಜಿಯನ್ನು ತಿರಸ್ಕರಿಸಿತು. ರೋಗವೇನೆಂದು ನಿರ್ಣಯಿಸದೆಯೇ ಔಷಧಿ ಬರೆಯುವುದು ಶಿಕ್ಷಾರ್ಹ ನಿರ್ಲಕ್ಷ್ಯವಾಗುತ್ತದೆ ಎಂಬ ಅರ್ಥದ ಮಾತು ಆ ಆದೇಶದಲ್ಲಿತ್ತು.

ವೈದ್ಯ ಸಮುದಾಯದಲ್ಲಿ ಆಗ ಎದ್ದ ಗಾಬರಿ ನನಗೆ ಚೆನ್ನಾಗಿ ನೆನಪಿದೆ. ಇನ್ನು ಮೇಲೆ ಫೋನ್ ಎತ್ತುವುದೇ ಬೇಡ ಎಂದವರು ಹಲವರು. ಹೆರಿಗೆ ತಜ್ಞರಾದ ನನ್ನ ಸಹಪಾಠಿಯೊಬ್ಬರು ತಮ್ಮ ನರ್ಸಿಂಗ್ ಹೋಮ್‌ನ ಸಿಬ್ಬಂದಿಗೆ ರಾತ್ರಿ ಕರೆ ಬಂದರೆ ‘ನೇರ ಬನ್ನಿ’ ಎಂಬುದನ್ನು ಬಿಟ್ಟು ಬೇರೇನೂ ಹೇಳಕೂಡದೆಂದು ಕಟ್ಟಪ್ಪಣೆ ಮಾಡಿದರು. ಆದರೆ ಅದು ಜಾಮೀನು ಅರ್ಜಿಯ ಮೇಲಿನ ಆದೇಶವಷ್ಟೇ, ಅಪರಾಧದ ಬಗೆಗಿನ ಅಂತಿಮ ತೀರ್ಮಾನವಲ್ಲ ಎಂಬುದನ್ನು ಗಮನಿಸಿದವರು ಕಡಿಮೆ. ಪ್ರಕರಣದ ವಿವರಗಳನ್ನು ಓದಿದ ನನಗೆ ಕಂಡದ್ದು ಇನ್ನೊಂದು ಸಂಗತಿ. ಅಲ್ಲಿ ಫೋನ್ ಬಳಕೆಯಾದದ್ದಕ್ಕಿಂತ ಆಸ್ಪತ್ರೆಯಲ್ಲಿ ಒಬ್ಬ ವೈದ್ಯನೂ ಇಲ್ಲದಿದ್ದದ್ದು ದೊಡ್ಡ ಲೋಪವಾಗಿತ್ತು. ವೈದ್ಯರು ಹೊರಗೆ ಹೋಗುವಾಗ ತಮ್ಮ ಜಾಗದಲ್ಲಿ ಇನ್ನೊಬ್ಬ ವೈದ್ಯನನ್ನು ನಿಲ್ಲಿಸಿ ಹೋಗಿದ್ದರೆ ಅದೇ ಫೋನ್ ಆ ಹೆಣ್ಣುಮಗಳಿಗೆ ನೆರವಾಗಬಹುದಿತ್ತು.

ಟೆಲಿಮೆಡಿಸಿನ್ ಅಥವಾ ದೂರವೈದ್ಯ ಎಂದು ಈಗ ನಾವು ಕರೆಯುತ್ತಿರುವ ಪದ್ಧತಿಯ ನ್ಯಾಯ ಮತ್ತು ನೀತಿಯ ಪ್ರಶ್ನೆಗಳೆಲ್ಲ ಈ ಒಂದು ಬಿಂದುವಿನ ಸುತ್ತ ಸುತ್ತುತ್ತವೆ ಎಂಬುದು ನನ್ನ ಅಭಿಪ್ರಾಯ. ರೋಗಿಯ ಪಕ್ಕದಲ್ಲಿ ಯಾರಿದ್ದಾರೆ? ಅವರಿಗೆ ಏನು ನೋಡಲು ಬರುತ್ತದೆ? ತಾನು ದೂರದಿಂದ ಮಾಡಬಹುದಾದ್ದು ಎಲ್ಲಿಗೆ ಮುಗಿಯುತ್ತದೆ? ಇವನ್ನು ತಿಳಿದುಕೊಳ್ಳುವುದು ದೂರದಲ್ಲಿರುವ ವೈದ್ಯನ ಮೊದಲ ಕರ್ತವ್ಯ.

ಫೋನಿನಲ್ಲಿ ಸಲಹೆ ಕೊಡುವುದು ಹೊಸದೇನಲ್ಲ. ಟ್ರಂಕ್ ಕಾಲ್ ಕಾಲದಿಂದಲೂ ಅದು ನಡೆದುಬಂದಿದೆ. ಆದರೆ ಕಾನೂನು ಅದನ್ನು ಬಹುಕಾಲ ಅನುಮಾನದಿಂದಲೇ ನೋಡಿತು. ರೋಗಿಯನ್ನು ಪರೀಕ್ಷಿಸದೆ ಸಾಮಾನ್ಯವಾಗಿ ಔಷಧಿ ಬರೆಯಕೂಡದು, ತೀವ್ರ ತುರ್ತು ಸಂದರ್ಭವನ್ನು ಬಿಟ್ಟರೆ ದೂರವಾಣಿಯಲ್ಲಿ ಔಷಧಿ ಹೇಳುವ ಪ್ರವೃತ್ತಿಯನ್ನು ತಡೆಯಬೇಕು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಮಾರ್ಟಿನ್ ಡಿಸೋಜಾ ಪ್ರಕರಣದಲ್ಲಿ ಎಚ್ಚರಿಸಿತ್ತು. ಈ ಅನುಮಾನವನ್ನು ಒಮ್ಮೆಲೇ ಬದಿಗೆ ಸರಿಸಿದ್ದು ಕೊರೊನಾ. ದೇಶದಾದ್ಯಂತ ಲಾಕ್‌ಡೌನ್ ಆರಂಭವಾದ 2020ರ ಮಾರ್ಚ್ 25ರಂದೇ ಟೆಲಿಮೆಡಿಸಿನ್ ವೃತ್ತಿ ಮಾರ್ಗಸೂಚಿ ಹೊರಬಿತ್ತು. ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತಿನ ಆಡಳಿತ ಮಂಡಳಿ ನೀತಿ ಆಯೋಗದ ಜೊತೆಗೂಡಿ ರೂಪಿಸಿದ ಈ ಮಾರ್ಗಸೂಚಿಯನ್ನು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಗೆ ಅನುಬಂಧವಾಗಿ ಸೇರಿಸಲಾಯಿತು. ಮುಂದೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಾವಳಿಯನ್ನು ಪ್ರಕಟಿಸಿ, ಅದೇ ತಿಂಗಳಲ್ಲಿ ತಡೆಹಿಡಿದದ್ದರಿಂದ 2002ರ ನಿಯಮಗಳೇ ಮುಂದುವರಿದವು.

ಈ ಮಾರ್ಗಸೂಚಿಯನ್ನು ವೈದ್ಯರಿಗೆ ಸಿಕ್ಕ ರಿಯಾಯಿತಿ ಎಂದು ಭಾವಿಸಿದವರು ಅನೇಕ. ಓದಿ ನೋಡಿದರೆ ಹಾಗಿಲ್ಲ. ಎದುರು ಕುಳಿತ ರೋಗಿಗೆ ಅನ್ವಯಿಸುವ ವೃತ್ತಿಧರ್ಮದ ಮಾನದಂಡಗಳೇ ಪರದೆಯ ಮೇಲಿನ ರೋಗಿಗೂ ಅನ್ವಯಿಸುತ್ತವೆ ಎಂದು ಅದು ಹೇಳುತ್ತದೆ. ದೂರವಿತ್ತು, ಸಂಪರ್ಕ ಸರಿಯಿರಲಿಲ್ಲ, ಮುಖ ಮಬ್ಬಾಗಿತ್ತು ಎಂಬುವು ಸಮರ್ಥನೆಗಳಾಗಲಾರವು. ಮಬ್ಬಾಗಿದ್ದರೆ ಮುಂದುವರಿದದ್ದೇಕೆ ಎಂಬ ಪ್ರಶ್ನೆ ಮರುಗಳಿಗೆಯೇ ಎದುರಾಗುತ್ತದೆ. ಏಕೆಂದರೆ ಯಾವ ಹಂತದಲ್ಲೇ ಆದರೂ ಸಂದರ್ಶನವನ್ನು ನಿಲ್ಲಿಸಿ, ನೇರವಾಗಿ ಬರುವಂತೆ ಹೇಳುವ ಅಧಿಕಾರವನ್ನು ಅದು ವೈದ್ಯನಿಗೆ ಕೊಟ್ಟಿದೆ. ಅಧಿಕಾರವಿದ್ದಲ್ಲಿ ಹೊಣೆಯೂ ಇದೆ. ಹಾಗೆಯೇ ನೇರವಾಗಿ ಬರುತ್ತೇನೆ ಎಂಬ ರೋಗಿಗೆ ಫೋನಿನಲ್ಲೇ ಮುಗಿಸಿಕೊಳ್ಳಿ ಎಂದು ಒತ್ತಾಯಿಸುವುದನ್ನು ಅದು ದುರ್ನಡತೆಯ ಸಾಲಿಗೆ ಸೇರಿಸಿದೆ.

ಔಷಧಿಗಳ ವಿಷಯದಲ್ಲಿ ನಿಯಮ ಇನ್ನೂ ನಿರ್ದಿಷ್ಟವಾಗಿದೆ. ಪ್ಯಾರಾಸಿಟಮಾಲ್, ಓಆರ್‌ಎಸ್‌ನಂಥವನ್ನು ಯಾವ ಬಗೆಯ ಸಂಪರ್ಕದಲ್ಲಾದರೂ ಹೇಳಬಹುದು. ಇನ್ನು ಕೆಲವನ್ನು ಮೊದಲ ಬಾರಿಗೆ ಬರೆಯಬೇಕಾದರೆ ವಿಡಿಯೊದಲ್ಲಿ ರೋಗಿಯನ್ನು ನೋಡಿರಬೇಕು. ಬಿ.ಪಿ. ರೋಗಿಗೆ ಈಗಿರುವ ಮಾತ್ರೆಯ ಜೊತೆಗೆ ಮತ್ತೊಂದನ್ನು ಸೇರಿಸುವಂಥ ಕೆಲಸವನ್ನು ಅದೇ ಕಾಯಿಲೆಗಾಗಿ ಆರು ತಿಂಗಳೊಳಗೆ ಮುಖತಃ ಕಂಡ ರೋಗಿಗೆ ಮಾತ್ರ ಮಾಡಬಹುದು. ಮಾದಕ ವಸ್ತುಗಳ ಕಾಯ್ದೆಯಡಿ ಬರುವ ಔಷಧಿಗಳು ಪೂರಾ ನಿಷಿದ್ಧ. ಔಷಧಿ ಚೀಟಿಯಲ್ಲಿ ವೈದ್ಯನ ನೋಂದಣಿ ಸಂಖ್ಯೆ ಇರಲೇಬೇಕು. ‘ಈ ಮಾತ್ರೆ ತಗೊಳ್ಳಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಹೆಸರನ್ನು ಟೈಪು ಮಾಡಿ ಕಳಿಸುವುದು ಔಷಧಿ ಚೀಟಿಯಾಗುವುದಿಲ್ಲ. ನಮ್ಮಲ್ಲಿ ಈಗಲೂ ಹೆಚ್ಚು ನಡೆಯುತ್ತಿರುವುದು ಅದೇ ಎಂಬುದು ಬೇರೆ ಮಾತು.

ನಿಯಮಗಳು ಹೇಳಲಾರದ ಒಂದು ಭಾಗವೂ ಇದೆ. ಹೊಟ್ಟೆನೋವೆಂದು ಬಂದವನ ಹೊಟ್ಟೆಯ ಮೇಲೆ ಕೈಯಿಟ್ಟಾಗ ಅದು ಹಲಗೆಯಂತೆ ಗಟ್ಟಿಯಾಗಿದ್ದರೆ ವೈದ್ಯನಿಗೆ ಬೇರೆ ಪರೀಕ್ಷೆಗೆ ಮುಂಚೆಯೇ ಅರ್ಧ ಉತ್ತರ ಸಿಕ್ಕಿರುತ್ತದೆ. ಬಾಗಿಲಿನಿಂದ ಕುರ್ಚಿಯವರೆಗೆ ರೋಗಿ ನಡೆದು ಬರುವ ರೀತಿ, ಉಸಿರಿನ ವಾಸನೆ, ಅಂಗೈಯ ತಣ್ಣನೆಯ ಬೆವರು ಯಾವ ಕ್ಯಾಮೆರಾದಲ್ಲೂ ಬರುವುದಿಲ್ಲ. ಹೀಗಾಗಿ ದೂರದ ವೈದ್ಯ ತನಗೆ ಕಾಣದ್ದನ್ನು ಪ್ರಶ್ನೆಗಳಿಂದ ತುಂಬಿಕೊಳ್ಳಬೇಕು. ತುಂಬಿಕೊಳ್ಳಲಾಗದಿದ್ದರೆ ಅಲ್ಲಿಗೆ ನಿಲ್ಲಬೇಕು.

ಮೂರು ಮಳೆಗಾಲಗಳ ಹಿಂದಿನ ಮಾತು. ಕೊಪ್ಪದ ಸಮೀಪದ ತೋಟದ ಮನೆಯೊಂದರಿಂದ ರಾತ್ರಿ ಒಂಬತ್ತರ ಸುಮಾರಿಗೆ ಕರೆ ಬಂತು. ಪರಿಚಿತ ಕುಟುಂಬ. ‘ಡಾಕ್ಟ್ರೇ, ಇವರಿಗೆ ಸಂಜೆಯಿಂದ ಎದೆ ಹಿಡ್ಕಂಡ ಹಾಗೆ ಆಗ್ತಿದೆಯಂತೆ. ಗ್ಯಾಸೇ ಇರ್ಬೇಕು, ಮಧ್ಯಾಹ್ನ ಊಟ ಜಾಸ್ತಿ ಆಗಿತ್ತು. ಒಂದು ಮಾತ್ರೆ ಹೆಸ್ರು ಹೇಳಿ, ಮನೇಲಿ ಡಬ್ಬ ಇದೆ’ ಎಂದರು ಆ ಮನೆಯಾಕೆ. ಅವರ ಯಜಮಾನರಿಗೆ ಅರವತ್ತರ ಮೇಲೆ ವಯಸ್ಸು, ಹತ್ತು ವರ್ಷದ ಸಕ್ಕರೆ ಕಾಯಿಲೆ. ನಾನು ಮಾತ್ರೆಯ ಹೆಸರು ಹೇಳಲಿಲ್ಲ. ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ ಎಂದೆ. ಜೊತೆಗೆ ಬರಲು ಯಾರಿದ್ದಾರೆಂದು ಕೇಳಿದೆ. ಮಳೆ, ಕತ್ತಲೆ, ಬಾಡಿಗೆ ಜೀಪು ಎಂಬ ಕಷ್ಟಗಳೆಲ್ಲ ಬಂದವು. ‘ಒಂದು ಮಾತ್ರೆ ಹೇಳೋಕೆ ಇಷ್ಟು ಯೋಚನೆಯಾ?’ ಎಂಬ ಬೇಸರವೂ ದನಿಯಲ್ಲಿತ್ತು. ಕೊನೆಗೂ ಹೋದರು. ಇಸಿಜಿಯಲ್ಲಿ ಏನೂ ಇರಲಿಲ್ಲ, ಅದು ನಿಜಕ್ಕೂ ಗ್ಯಾಸೇ ಆಗಿತ್ತು. ಜೀಪಿನ ಬಾಡಿಗೆಯ ಪ್ರಸ್ತಾಪ ಮುಂದಿನ ಎರಡು ಭೇಟಿಗಳಲ್ಲಿ ನನಗೆ ಕೇಳಿಬಂತು. ಇಂದು ಅದೇ ಕರೆ ಬಂದರೂ ನಾನು ಅದನ್ನೇ ಹೇಳುತ್ತೇನೆ. ಫೋನಿನಲ್ಲಿ ಎದೆನೋವನ್ನು ಗ್ಯಾಸ್ ಎಂದು ಹೆಸರಿಸುವ ಹಕ್ಕು ವೈದ್ಯನಿಗಿಲ್ಲ. ಮಾರ್ಗಸೂಚಿಯೂ ತುರ್ತು ಸಂದರ್ಭದಲ್ಲಿ ದೂರದ ಸಲಹೆಯನ್ನು ಪ್ರಥಮ ಚಿಕಿತ್ಸೆ, ಜೀವರಕ್ಷಕ ಕ್ರಮ ಮತ್ತು ಮುಂದೆ ಎಲ್ಲಿಗೆ ಹೋಗಬೇಕೆಂಬ ಮಾತಿಗೆ ಸೀಮಿತಗೊಳಿಸಿದೆ.

ಇನ್ನು ಹೊಣೆಗಾರಿಕೆಯ ವಿಚಾರ. ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಸಂರಕ್ಷಣೆಯ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪಿತ್ತಿದೆ. ದೂರವೈದ್ಯದ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ತಂದ ಒಂದು ಬದಲಾವಣೆ. ದೂರುದಾರ ತಾನು ವಾಸಿಸುವ ಊರಿನ ಆಯೋಗದಲ್ಲೇ ದೂರು ದಾಖಲಿಸಬಹುದು. ಬೆಂಗಳೂರಿನ ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತು ಬೀದರಿನ ರೋಗಿಗೆ ಸಲಹೆ ಕೊಟ್ಟ ತಜ್ಞ ಅದರ ಲೆಕ್ಕ ಒಪ್ಪಿಸಲು ಬೀದರಿಗೇ ಹೋಗಬೇಕಾಗಬಹುದು. ಇದು ನ್ಯಾಯವೇ ಎಂದು ಕೆಲವು ವೈದ್ಯಮಿತ್ರರು ಕೇಳುತ್ತಾರೆ. ಬೀದರಿನ ರೋಗಿಯಿಂದ ಶುಲ್ಕ ಪಡೆಯುವಾಗ ದೂರ ಅಡ್ಡಿಯಾಗದಿದ್ದ ಮೇಲೆ ಉತ್ತರ ಹೇಳುವಾಗ ಮಾತ್ರ ಏಕೆ ಅಡ್ಡಿಯಾಗಬೇಕು?

ಕ್ರಿಮಿನಲ್ ಹೊಣೆಯ ಲೆಕ್ಕ ಬೇರೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಸಾಮಾನ್ಯ ಲೋಪಕ್ಕೆ ವೈದ್ಯನನ್ನು ಜೈಲಿಗೆ ಕಳಿಸಲಾಗದು, ನಿರ್ಲಕ್ಷ್ಯ ಘೋರ ಸ್ವರೂಪದ್ದಾಗಿರಬೇಕು. ಅದೇ ಕೌಶಲದ ಸಾಧಾರಣ ವೈದ್ಯನೊಬ್ಬ ಆ ಸಂದರ್ಭದಲ್ಲಿ ಮಾಡದಂಥದ್ದನ್ನು ಈತ ಮಾಡಿದನೇ ಎಂಬುದು ಒರೆಗಲ್ಲು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದಿಂದಾಗುವ ಸಾವಿಗೆ ಐದು ವರ್ಷದವರೆಗೆ ಸಜೆ ವಿಧಿಸಿದೆ. ನೋಂದಾಯಿತ ವೈದ್ಯ ‘ವೈದ್ಯಕೀಯ ಪ್ರಕ್ರಿಯೆ’ ನಡೆಸುವಾಗ ಸಾವು ಸಂಭವಿಸಿದ್ದರೆ ಎರಡು ವರ್ಷದ ಮಿತಿ ಹಾಕಿದೆ. ಫೋನಿನಲ್ಲಿ ಮಾತ್ರೆ ಹೇಳುವುದು ‘ಪ್ರಕ್ರಿಯೆ’ಯಾಗುತ್ತದೆಯೇ? ಕಲಮಿನ ಪದಗಳು ಇದಕ್ಕೆ ಉತ್ತರಿಸುವುದಿಲ್ಲ. ಶಸ್ತ್ರಚಿಕಿತ್ಸೆಯ ಮೇಜನ್ನು ಕಣ್ಣೆದುರಿಗಿಟ್ಟುಕೊಂಡು ಬರೆದ ಸಾಲಿದು ಎಂದು ನನಗನ್ನಿಸುತ್ತದೆ. ಪರದೆಯ ಮುಂದೆ ಕುಳಿತ ವೈದ್ಯ ಅದರ ಆಶ್ರಯವನ್ನು ನಂಬಿ ಕೂರದಿರುವುದು ಕ್ಷೇಮ.

ವೈದ್ಯನಿಗೆ ನಿಜವಾದ ರಕ್ಷಣೆ ಅವನ ದಾಖಲೆಯಲ್ಲಿದೆ. ಯಾವಾಗ, ಯಾವ ಸಾಧನದಲ್ಲಿ ಮಾತಾಡಿದೆ, ರೋಗಿ ಏನು ಹೇಳಿದ, ನಾನು ಏನು ಕೇಳಿದೆ, ನೇರವಾಗಿ ಬರಲು ಹೇಳಿದೆನೇ ಎಂಬುದನ್ನೆಲ್ಲ ಬರೆದಿಡುವುದು ಮಾರ್ಗಸೂಚಿಯಂತೆ ಕಡ್ಡಾಯ. ರೋಗಿಯೇ ಕರೆ ಮಾಡಿದರೆ ಅವನ ಸಮ್ಮತಿ ಇದೆಯೆಂದು ಭಾವಿಸಬಹುದು. ಆರೋಗ್ಯ ಕಾರ್ಯಕರ್ತರೋ ಮನೆಯವರೋ ವೈದ್ಯನೋ ಕರೆ ಆರಂಭಿಸಿದರೆ ರೋಗಿಯ ಸಮ್ಮತಿಯನ್ನು ಸ್ಪಷ್ಟವಾಗಿ ಕೇಳಿ ದಾಖಲಿಸಬೇಕು. ಮಧ್ಯಮ ವರ್ಗದ ಮನೆಗಳಲ್ಲಿ ಇದು ನಿತ್ಯ ಉಲ್ಲಂಘನೆಯಾಗುವ ನಿಯಮ. ಮಗ ನ್ಯೂಜೆರ್ಸಿಯಲ್ಲಿ, ಅಪ್ಪ ಜಯನಗರದಲ್ಲಿ, ಅಪ್ಪನ ರಕ್ತಪರೀಕ್ಷೆಯ ವರದಿ ನಡುರಾತ್ರಿ ವೈದ್ಯನ ಮೊಬೈಲಿನಲ್ಲಿ. ‘ಅಪ್ಪನಿಗೆ ಹೇಳಬೇಡಿ ಡಾಕ್ಟರ್, ನನಗೆ ಹೇಳಿ ಸಾಕು’ ಎಂಬ ಮಾತು ಪ್ರೀತಿಯದೇ ಇರಬಹುದು. ಆದರೆ ಸ್ವಸ್ಥಬುದ್ಧಿಯ ಅಪ್ಪನ ಕಾಯಿಲೆ ಅಪ್ಪನದು. ಅವರ ಅನುಪಸ್ಥಿತಿಯಲ್ಲಿ ಮಗನ ಜೊತೆ ಚರ್ಚಿಸಬೇಕಾದರೆ ಲಿಖಿತ ಒಪ್ಪಿಗೆಯೋ ತತ್ಸಮಾನ ಆಧಾರವೋ ಬೇಕೆಂದು ನಿಯಮ ಹೇಳುತ್ತದೆ. ಅಂಥದ್ದನ್ನು ಕೇಳಿದ ವೈದ್ಯನನ್ನು ಕಠೋರ ಎನ್ನದಿರೋಣ. ಅಂದಹಾಗೆ, ಭಾರತದ ಹೊರಗಿರುವ ರೋಗಿಗೆ ಇಲ್ಲಿಂದ ಚಿಕಿತ್ಸೆ ನೀಡುವುದಕ್ಕೆ ಈ ಮಾರ್ಗಸೂಚಿಯ ಬೆಂಬಲ ಇಲ್ಲವೇ ಇಲ್ಲ. ಮಗನಿಗೇ ಕೆಮ್ಮಾದರೆ ಅವನು ಅಲ್ಲಿನ ವೈದ್ಯರನ್ನೇ ಕಾಣಬೇಕು.

ಪಕ್ಕದಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಬಹಳ ಹಿಂದೆಯೇ ಒಳ್ಳೆಯ ಉತ್ತರವೊಂದು ಸಿಕ್ಕಿತ್ತು. 2002ರಲ್ಲಿ ಇಸ್ರೊದ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು. ಅಲ್ಲಿ ಉಪಗ್ರಹಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಈ ತುದಿಯಲ್ಲಿದ್ದ ಆಸ್ಪತ್ರೆ. ರೋಗಿಯ ಪಕ್ಕದಲ್ಲಿ ವೈದ್ಯ, ಶುಶ್ರೂಷಕಿ, ಇಸಿಜಿ ಯಂತ್ರಗಳಿದ್ದವು. ಬೆಂಗಳೂರಿನ ಹೃದ್ರೋಗ ತಜ್ಞ ಅವರ ಕಣ್ಣು, ಕೈಗಳಿಗೆ ತನ್ನ ತಿಳಿವಳಿಕೆಯನ್ನು ಜೋಡಿಸುತ್ತಿದ್ದ. ಕೇಂದ್ರ ಸರ್ಕಾರದ ಇ-ಸಂಜೀವಿನಿ ಇದೇ ತತ್ತ್ವದ ಮೇಲೆ 2019ರ ನವೆಂಬರ್‌ನಲ್ಲಿ ಆರಂಭವಾಯಿತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯ ಜೊತೆ ಕೂರುತ್ತಾರೆ, ಬಿ.ಪಿ. ನೋಡುತ್ತಾರೆ, ದೂರದ ವೈದ್ಯ ಸಲಹೆ ಕೊಡುತ್ತಾನೆ. ರೋಗಿ ಮನೆಯಿಂದಲೇ ಕರೆ ಮಾಡುವ ಇನ್ನೊಂದು ಶಾಖೆ 2020ರ ಏಪ್ರಿಲ್‌ನಲ್ಲಿ ಸೇರಿಕೊಂಡಿತು. 2023ರ ಫೆಬ್ರುವರಿ ವೇಳೆಗೆ ಒಟ್ಟು ಸಮಾಲೋಚನೆಗಳು 10 ಕೋಟಿ ದಾಟಿದವು. ಸಂಖ್ಯೆ ದೊಡ್ಡದು. ಆದರೆ ಪಕ್ಕದಲ್ಲಿ ಆರೋಗ್ಯ ಅಧಿಕಾರಿ ಇದ್ದ ಕರೆಯನ್ನೂ ಒಂಟಿಯಾಗಿ ಮಾಡಿದ ಕರೆಯನ್ನೂ ಒಂದೇ ಎಂದು ಎಣಿಸುವುದು ನನಗೆ ಒಪ್ಪಿತವಲ್ಲ.

ಸರ್ಕಾರದ ಈ ಉಚಿತ ಸೇವೆಗೆ ನ್ಯಾಯದ ದೃಷ್ಟಿಯಿಂದ ಒಂದು ಕೊರತೆಯಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೀಡುವ ಸೇವೆ ಗ್ರಾಹಕ ಕಾಯ್ದೆಯ ಹೊರಗೆ ಎಂದು 1995ರ ಅದೇ ತೀರ್ಪು ಹೇಳಿದೆ. ಹಣ ಕೊಟ್ಟು ಆ್ಯಪ್ ಬಳಸಿದ ನಗರವಾಸಿಗೆ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ, ಉಪಕೇಂದ್ರದಲ್ಲಿ ಕುಳಿತು ತಪ್ಪು ಸಲಹೆ ಪಡೆದ ಕೂಲಿಕಾರಳಿಗೆ ಅದು ಮುಚ್ಚಿದೆ. ಸರ್ಕಾರಿ ವೈದ್ಯರ ನಿರ್ಲಕ್ಷ್ಯಕ್ಕೆ ಸರ್ಕಾರವೇ ಹೊಣೆ ಎಂದು 2000ದಲ್ಲಿ ಹರಿಯಾಣದ ಬಡ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದುಂಟು. ಆದರೆ ಆಕೆ ಸಿವಿಲ್ ದಾವೆ ಹೂಡಿ ಮೆಟ್ಟಿಲಿಂದ ಮೆಟ್ಟಿಲಿಗೆ ಹೋರಾಡಬೇಕಾಯಿತು. ದೂರವೈದ್ಯವನ್ನು ಗ್ರಾಮೀಣ ಆರೋಗ್ಯದ ಬೆನ್ನೆಲುಬಾಗಿಸುವ ಸರ್ಕಾರ ಅದರ ಜೊತೆಗೇ ಸರಳವಾದ ಪರಿಹಾರ ವ್ಯವಸ್ಥೆಯೊಂದನ್ನೂ ಕಟ್ಟಬೇಕಿತ್ತು.

ಖಾಸಗಿ ಆ್ಯಪ್‌ಗಳದು ಮತ್ತೊಂದು ಬಗೆ. ಇಲ್ಲಿ ರೋಗಿ ಒಂಟಿ. ವೈದ್ಯನೂ ಒಂದರ್ಥದಲ್ಲಿ ಒಂಟಿಯೇ. ಇಂತಿಷ್ಟು ನಿಮಿಷಕ್ಕೆ ಒಂದು ಕರೆ, ಮುಗಿದ ಕೂಡಲೇ ರೋಗಿ ಒತ್ತುವ ನಕ್ಷತ್ರಗಳು ಎಂಬ ವ್ಯವಸ್ಥೆಯಲ್ಲಿ ‘ನೀವು ನೇರ ಆಸ್ಪತ್ರೆಗೆ ಹೋಗಿ’ ಎಂಬ ಸರಿಯಾದ ಸಲಹೆಗೆ ಬೀಳುವುದು ಒಂದೇ ನಕ್ಷತ್ರ. ಹಣ ಕೊಟ್ಟೂ ಮಾತ್ರೆ ಸಿಗಲಿಲ್ಲವೆಂಬ ದೂರು. ಸರಿಯಾದದ್ದನ್ನು ಹೇಳಿದವನಿಗೇ ನಷ್ಟವಾಗುವಂತೆ ಕೆಲಸದ ಕ್ರಮವನ್ನು ರೂಪಿಸಿದವರು ಯಾರೋ, ಅನಾಹುತವಾದಾಗ ಅವರೂ ಕಟಕಟೆಯಲ್ಲಿರಬೇಕಲ್ಲವೇ? ‘ನಾವು ಕೇವಲ ಮಧ್ಯವರ್ತಿ’ ಎಂಬ ಸಾಲಿನ ಹಿಂದೆ ಅಡಗಲು ಬಿಡುವುದು ಸಲ್ಲದು. ಚಿಕಿತ್ಸೆ ಕೊಟ್ಟ ವೈದ್ಯನ ಹೆಸರು ತಿಳಿಯದಿದ್ದರೂ ಆಸ್ಪತ್ರೆ ಉತ್ತರಿಸಬೇಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಸವಿತಾ ಗರ್ಗ್ ಪ್ರಕರಣದಲ್ಲಿ ಹೇಳಿತು. ಆ ತರ್ಕವನ್ನು ಆ್ಯಪ್‌ಗಳಿಗೂ ವಿಸ್ತರಿಸುವುದು ಕಷ್ಟವಾಗಲಾರದು. ಈಗಿನ ಮಾರ್ಗಸೂಚಿ ವೈದ್ಯರ ನೋಂದಣಿ ಪರಿಶೀಲಿಸುವ, ದೂರು ಆಲಿಸುವ ಕೆಲಸವನ್ನು ಕಂಪನಿಗಳಿಗೆ ವಹಿಸಿದೆ. ಯಂತ್ರಬುದ್ಧಿ ತಾನೇ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ ಎಂದಿದೆ. ಉಲ್ಲಂಘಿಸಿದರೆ ಕಪ್ಪುಪಟ್ಟಿಗೆ ಸೇರಿಸುವ ಮಾತಾಡುತ್ತದೆ. ವೈದ್ಯನಿಗಾದರೆ ನೋಂದಣಿ, ಹೆಸರು, ಕೆಲವೊಮ್ಮೆ ಸ್ವಾತಂತ್ರ್ಯವೂ ಪಣದಲ್ಲಿರುತ್ತದೆ. ಕಂಪನಿಗೆ ಹೋಲಿಸಿದರೆ ಈ ಭಾರ ಎಷ್ಟು ಅಸಮ!

ಪಕ್ಕದಲ್ಲಿ ಯಾರಾದರೂ ಇದ್ದರೆ ಸಾಕು ಎನ್ನಲೂ ಬರುವುದಿಲ್ಲ. ಇದನ್ನು ಚೆನ್ನಾಗಿ ಬಲ್ಲವರು ಮನೋವೈದ್ಯರು. 2020ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಭಾರತೀಯ ಮನೋವೈದ್ಯರ ಸಂಘ ಮತ್ತು ಟೆಲಿಮೆಡಿಸಿನ್ ಸಂಘದೊಡನೆ ದೂರ ಮನೋವೈದ್ಯಕ್ಕೆಂದೇ ಪ್ರತ್ಯೇಕ ಮಾರ್ಗಸೂಚಿ ರೂಪಿಸಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ (14416) ಸಹಾಯವಾಣಿಗೂ ಅದೇ ಸಂಸ್ಥೆ ಕೇಂದ್ರ. ಗಂಡನ ಹೊಡೆತದಿಂದ ಖಿನ್ನಳಾದ ಹೆಂಗಸು ವಿಡಿಯೊದಲ್ಲಿ ‘ಚೆನ್ನಾಗಿದ್ದೇನೆ’ ಎನ್ನುತ್ತಾಳೆ, ಫೋನ್ ಹಿಡಿದವನೇ ಗಂಡ. ಕ್ಯಾಮೆರಾದ ಚೌಕಟ್ಟಿನ ಹೊರಗೆ ಯಾರು ನಿಂತಿದ್ದಾರೆಂದು ವೈದ್ಯ ಕೇಳದಿದ್ದರೆ ಆ ಸಮಾಲೋಚನೆಯಿಂದ ಆಕೆಗೆ ಒಳಿತಿಗಿಂತ ಕೆಡುಕೇ ಹೆಚ್ಚು. ಕೇಳಿ, ಉತ್ತರದ ದನಿಯಲ್ಲಿ ಅಳುಕು ಕಂಡರೆ ಕರೆಯನ್ನು ಸಹಜವಾಗಿ ಮುಗಿಸಿ ಬೇರೊಂದು ಹೊತ್ತಿಗೆ, ಬೇರೊಂದು ನೆಪದಲ್ಲಿ ಅವಳನ್ನೇ ಕರೆಸಿಕೊಳ್ಳುವ ಜಾಣ್ಮೆ ಬೇಕು. ಇದು ಯಾವ ಪಟ್ಟಿಯಲ್ಲೂ ಇಲ್ಲ.

ಮಾರ್ಗಸೂಚಿ ಔಷಧಿ ಚೀಟಿಗೆ ಒಂದು ಮಾದರಿಯನ್ನು ಕೊಟ್ಟಿದೆ. ರೋಗಿಯ ಹೆಸರು, ವಯಸ್ಸು, ತೊಂದರೆ, ಪರೀಕ್ಷೆಯ ವಿವರ, ಔಷಧಿ, ಸೂಚನೆ, ಸಹಿ, ನೋಂದಣಿ ಸಂಖ್ಯೆ ಎಲ್ಲಕ್ಕೂ ಅಲ್ಲಿ ಜಾಗವಿದೆ. ಅದಕ್ಕೆ ಇನ್ನೆರಡು ಸಾಲು ಸೇರಿಸುವಂತೆ ರಾಷ್ಟ್ರೀಯ ವೈದ್ಯಕೀಯ ಆಯೋಗವನ್ನು ವೈದ್ಯರೂ ರೋಗಿಗಳೂ ಸೇರಿ ಒತ್ತಾಯಿಸಬೇಕು. ಒಂದು, ಸಮಾಲೋಚನೆಯ ಹೊತ್ತಿನಲ್ಲಿ ರೋಗಿಯ ಪಕ್ಕದಲ್ಲಿ ಯಾರಿದ್ದರು. ಎರಡು, ರೋಗಿಗೆ ಅತಿ ಹತ್ತಿರದ ಆಸ್ಪತ್ರೆ ಯಾವುದು, ಅದು ಎಷ್ಟು ಕಿಲೋಮೀಟರ್. ಈ ಎರಡು ಖಾಲಿ ಜಾಗಗಳನ್ನು ತುಂಬಲು ವೈದ್ಯನಿಗೆ ಅರ್ಧ ನಿಮಿಷ ಹಿಡಿಯಬಹುದು. ನನ್ನ ಚೀಟಿಗಳಲ್ಲಿ ನಾನಂತೂ ಅವನ್ನು ಕೈಯಲ್ಲೇ ಬರೆಯುತ್ತಿದ್ದೇನೆ.